ವಿಲ್ಲೋ, ದಾನಪತ್ರವೋ, ಈಗಲೇ ಭಾಗವೋ? ತೋಟ, ಮನೆ, ಠೇವಣಿ ಇರುವ ಹಿರಿಯರಿಗೆ ಒಂದು ಹೋಲಿಕೆ

ಕಳೆದ ಶಿವರಾತ್ರಿಗೆ ಊರಿಗೆ ಹೋದಾಗ ಅಪ್ಪ ಅಟ್ಟದಿಂದ ಹಳೇ ಕಬ್ಬಿಣದ ಟ್ರಂಕ್ ಇಳಿಸಿದರು. ಗುಬ್ಬಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಟ್ಟ ಇರುವುದೇ ಕೊಬ್ಬರಿಗೆ. ಅದರ ಮೂಲೆಯಲ್ಲಿ ಈ ಟ್ರಂಕ್. ಮುಚ್ಚಳ ತೆಗೆದಾಗ ಹುಳ ಹಿಡಿಯದಿರಲಿ ಅಂತ ಅಮ್ಮ ಹಾಕಿದ್ದ ಬೇವಿನ ಎಲೆ ಪುಡಿಪುಡಿಯಾಗಿ ಉದುರಿತು. ಒಳಗೆ 1978ರ ಕ್ರಯಪತ್ರ, ದಾರಕ್ಕೆ ಪೋಣಿಸಿದ ಕಂದಾಯ ರಸೀದಿಗಳು, ಇನ್ನೂ ತಾತನ ಹೆಸರಲ್ಲೇ ಇರುವ ಒಂದು ಪಹಣಿ, ತುಮಕೂರಿನ ಮನೆಯ ಪತ್ರ, ಎರಡು ಪಾಸ್‌ಬುಕ್.

ಅಪ್ಪನಿಗೆ 78, ಅಮ್ಮನಿಗೆ 71. ಪಿಂಚಣಿ ಇಲ್ಲ. ತೆಂಗು, ಮನೆ ಬಾಡಿಗೆ, ಒಂದಿಷ್ಟು ಠೇವಣಿ, ಅಷ್ಟೇ. "ಇದನ್ನೆಲ್ಲ ಹೇಗೆ ಮಾಡೋದು ಹೇಳು" ಅಂದರು ಅಪ್ಪ. ಪತ್ರ ಬರೆಯುವವರು ದಾನಪತ್ರ ಮಾಡಿಬಿಡಿ ಅಂದಿದ್ದರಂತೆ. ಚಿಕ್ಕಪ್ಪ ವಿಲ್ ಸಾಕು ಅಂದರಂತೆ. ತಮ್ಮ ಈಗಲೇ ಭಾಗ ಆಗಲಿ ಅಂತಾನೆ. ನಾನು ಮೂರು ತಿಂಗಳು ಓಡಾಡಿ, ಇಬ್ಬರು ವಕೀಲರ ಹತ್ತಿರ ಕೂತು ತಿಳಿದುಕೊಂಡೆ. ನಮ್ಮ ಜಿಲ್ಲೆಯಲ್ಲಿ ಇದೇ ಗೊಂದಲದಲ್ಲಿರುವ ಮನೆಗಳು ತುಂಬಾ ಇವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವುದರಿಂದ ಅಳೆಯಬೇಕು?

ದಾರಿ ಯಾವುದು ಅಂತ ಕೇಳುವ ಮುಂಚೆ ನಾವು ಮನೆಯಲ್ಲಿ ಐದು ಪ್ರಶ್ನೆ ಬರೆದುಕೊಂಡೆವು. ಅಪ್ಪ ಅಮ್ಮ ಬದುಕಿರುವವರೆಗೆ ಹಿಡಿತ ಯಾರ ಕೈಲಿ ಇರುತ್ತದೆ? ಮನಸ್ಸು ಬದಲಾದರೆ ವಾಪಸ್ ತೆಗೆದುಕೊಳ್ಳಬಹುದಾ? ಈಗ ಎಷ್ಟು ಖರ್ಚು? ಮುಂದೆ ಮಕ್ಕಳು ಕೋರ್ಟಿಗೆ ಹೋಗುವ ಸಂದರ್ಭ ಎಷ್ಟು? ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಉಳಿದವರಿಗೆ ತಿಂಗಳ ಖರ್ಚು ಎಲ್ಲಿಂದ?

ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದು. ಆಸ್ತಿ ಯಾರಿಗೆ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಅಮ್ಮನ ಮಾತ್ರೆಗೆ ದುಡ್ಡು ಯಾರ ಕೈಯಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು, ಇದು ಎಲ್ಲಕ್ಕೂ ಮೊದಲು. ಆಸ್ತಿ ಸ್ವಂತ ಸಂಪಾದನೆಯದಾ, ಪಿತ್ರಾರ್ಜಿತವಾ? ಸ್ವಂತ ದುಡ್ಡಿನಲ್ಲಿ ಕೊಂಡದ್ದಾದರೆ ಯಾರಿಗೆ ಬೇಕಾದರೂ, ಎಷ್ಟು ಬೇಕಾದರೂ ಕೊಡಬಹುದು. ಒಟ್ಟು ಕುಟುಂಬದಿಂದ ಬಂದ ಪಿತ್ರಾರ್ಜಿತವಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. ಹೆಣ್ಣುಮಕ್ಕಳಿಗೂ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿ ಇದನ್ನು ತಂದಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದರಾ ಇಲ್ಲವಾ ಅನ್ನುವುದು ಮುಖ್ಯವಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಾಗಾಗಿ ಅಂಥ ಜಮೀನನ್ನು ಅಪ್ಪ ಪೂರ್ತಿಯಾಗಿ ಒಬ್ಬ ಮಗನಿಗೆ ಬರೆದರೆ ಅದು ನಿಲ್ಲುವುದಿಲ್ಲ. ತನ್ನ ಪಾಲಿನ ಮಟ್ಟಿಗೆ ವಿಲ್ ಬರೆಯಬಹುದು. ಭಾಗವಾಗದ ಆ ಪಾಲನ್ನು ದಾನ ಮಾಡಬೇಕಾದರೆ ಉಳಿದವರ ಒಪ್ಪಿಗೆ ಬೇಕು.

ತಾತನ ಹೆಸರಲ್ಲಿದ್ದದ್ದೆಲ್ಲ ಪಿತ್ರಾರ್ಜಿತ ಅಂತ ಊರಲ್ಲಿ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ತಾತ ಸ್ವಂತ ದುಡಿದು ಕೊಂಡ ಜಮೀನು, ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ 1956ರ ನಂತರ ಅವರು ತೀರಿಕೊಂಡು ತಂದೆಗೆ ಬಂದಿದ್ದರೆ, ಸಾಮಾನ್ಯವಾಗಿ ಅದು ತಂದೆಯ ಸ್ವಂತ ಆಸ್ತಿಯೇ. ಮೂಲ ಪತ್ರ ನೋಡದೆ ಯಾರ ಮಾತನ್ನೂ ನಂಬಬೇಡಿ.

ಸುಮ್ನೆ ಬಿಟ್ಟರೆ?

ಏನೂ ಬರೆಯದೆ ಇರುವುದೂ ಒಂದು ಆಯ್ಕೆಯೇ. ಹೆಚ್ಚಿನವರು ಮಾಡುವುದು ಅದನ್ನೇ. ಹಿಂದೂ ಕುಟುಂಬದಲ್ಲಿ ಗಂಡಸು ವಿಲ್ ಇಲ್ಲದೆ ತೀರಿಕೊಂಡರೆ ಅವರ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಇವರಿಗೆಲ್ಲ ಸಮಪಾಲಾಗಿ ಹೋಗುತ್ತದೆ. ಈಗ ಖರ್ಚಿಲ್ಲ, ಹಿಡಿತವೂ ಕೊನೆವರೆಗೆ ನಿಮ್ಮದೇ. ಮಕ್ಕಳೆಲ್ಲ ಹೊಂದಿಕೊಂಡಿದ್ದರೆ, ಎಲ್ಲರಿಗೂ ಸಮಪಾಲೇ ನಿಮ್ಮ ಇಷ್ಟವಾದರೆ, ಇದು ಕೆಟ್ಟ ದಾರಿಯಲ್ಲ.

ಆದರೆ ಕೆಲಸ ಮಕ್ಕಳ ತಲೆಗೆ ಬರುತ್ತದೆ. ಮರಣ ಪತ್ರ, ವಂಶವೃಕ್ಷ, ನಾಡಕಚೇರಿ, ಪೌತಿ ಖಾತೆ (ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು). ನಮ್ಮ ತಾತನ ಎರಡು ಎಕರೆ ಹೀಗೆಯೇ ಉಳಿದುಬಿಟ್ಟಿತ್ತು. ತಾತ ಹೋಗಿ ಮೂವತ್ತು ವರ್ಷ ಆಗಿದೆ. ಅಷ್ಟರಲ್ಲಿ ವಾರಸುದಾರರು ಮೂವರಿಂದ ಹನ್ನೊಂದಾದರು. ಒಬ್ಬರು ಮುಂಬೈಯಲ್ಲಿ, ಇಬ್ಬರ ವಿಳಾಸವೇ ಗೊತ್ತಿರಲಿಲ್ಲ. ಪಹಣಿ ಸತ್ತವರ ಹೆಸರಲ್ಲಿದ್ದರೆ ಬೆಳೆ ಸಾಲಕ್ಕೂ ತೊಂದರೆ, ಪರಿಹಾರದ ದುಡ್ಡಿಗೂ ತೊಂದರೆ. ಇನ್ನೊಂದು ವಿಷಯ ನೆನಪಿಡಿ. ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಆಸ್ತಿ ಅವರೊಬ್ಬರದೇ ಆಗುವುದಿಲ್ಲ. ಖಾತೆ ಕಂದಾಯದ ದಾಖಲೆ ಅಷ್ಟೇ.

ಮಕ್ಕಳಿಲ್ಲದ ದಂಪತಿಗೆ ಮಾತ್ರ ಈ ದಾರಿ ಬೇಡವೇ ಬೇಡ. ಗಂಡ ಹೋದ ಮೇಲೆ ಹೆಂಡತಿಗೆ ವಾರಸಾಗಿ ಬಂದ ಆಸ್ತಿ, ಅವರ ನಂತರ ಮತ್ತೆ ಗಂಡನ ಕಡೆಯವರಿಗೇ ಹೋಗುತ್ತದೆ. ಕೊನೆಗಾಲದಲ್ಲಿ ನೋಡಿಕೊಂಡ ತಂಗಿಯ ಮಗಳಿಗೆ ಏನೂ ಸಿಗುವುದಿಲ್ಲ. ಅವಳಿಗೆ ಸೇರಬೇಕು ಅನ್ನಿಸಿದರೆ ಬರೆದೇ ಇಡಬೇಕು.

ವಿಲ್

ಉಯಿಲು, ಮರಣಶಾಸನ ಅಂತಲೂ ಕರೆಯುತ್ತಾರೆ. ನಮ್ಮ ಐದು ಪ್ರಶ್ನೆಗಳಲ್ಲಿ ಮೊದಲ ಮೂರಕ್ಕೆ ವಿಲ್ ತುಂಬಾ ಚೆನ್ನಾಗಿ ನಿಲ್ಲುತ್ತದೆ. ಬದುಕಿರುವವರೆಗೆ ಒಂದು ತೆಂಗಿನಮರವೂ ಕೈ ಬಿಟ್ಟು ಹೋಗುವುದಿಲ್ಲ. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ಊರ್ಜಿತ. ಮುದ್ರಾಂಕ ಶುಲ್ಕ ಇಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು.

ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ ಅಂತ ನಾನು ಹೇಳುತ್ತೇನೆ. ಬಿಳಿ ಹಾಳೆಯ ವಿಲ್ ಮೇಲೆ "ಇದು ಅಪ್ಪನ ಸಹಿಯೇ ಅಲ್ಲ" ಅನ್ನುವ ಜಗಳ ಬೇಗ ಹುಟ್ಟುತ್ತದೆ. ವಯಸ್ಸಾದವರು ಹಾಸಿಗೆ ಹಿಡಿದಿದ್ದರೆ ಕಾರಣ ತೋರಿಸಿ ಅರ್ಜಿ ಕೊಟ್ಟು ಸಬ್ ರಿಜಿಸ್ಟ್ರಾರ್ ಅವರನ್ನು ಮನೆಗೇ ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ವಿಷಯ ಗುಟ್ಟಾಗಿರಬೇಕು ಅಂದರೆ ಲಕೋಟೆಗೆ ಮುದ್ರೆ ಹಾಕಿ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಇಡಬಹುದು.

ನಾಲ್ಕನೇ ಪ್ರಶ್ನೆಯಲ್ಲಿ ವಿಲ್ ಸ್ವಲ್ಪ ಸೋಲುತ್ತದೆ. ಜಗಳ ಬಂದರೆ ಬರೆದವರು ಸಾಕ್ಷಿ ಹೇಳಲು ಇರುವುದಿಲ್ಲ. ಕೋರ್ಟಿನಲ್ಲಿ ವಿಲ್ ಸಾಬೀತಾಗಬೇಕಾದರೆ ಸಹಿ ಹಾಕಿದ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಅದಕ್ಕೇ ಅಪ್ಪನ ವಯಸ್ಸಿನ ಗೆಳೆಯರನ್ನು ಸಾಕ್ಷಿ ಮಾಡಬೇಡಿ. ನಲವತ್ತರ ಆಸುಪಾಸಿನವರು, ಊರಲ್ಲೇ ಇರುವವರು, ಆಸ್ತಿಯಲ್ಲಿ ಪಾಲಿಲ್ಲದವರು ಬೇಕು. ನಾವು ಅಪ್ಪನನ್ನು ನೋಡುವ ಡಾಕ್ಟರ ಹತ್ತಿರ "ಬುದ್ಧಿ ಸ್ವಾಧೀನದಲ್ಲಿದೆ" ಅಂತ ಅದೇ ದಿನದ ತಾರೀಕಿನ ಪತ್ರ ತೆಗೆದುಕೊಂಡೆವು. ಒಬ್ಬ ಮಗನಿಗೆ ಕಡಿಮೆ ಕೊಡುತ್ತಿದ್ದರೆ ಯಾಕೆ ಅಂತ ಒಂದು ಸಾಲು ಬರೆಯಿರಿ. "ಅವನ ಓದಿಗೆ, ಮನೆ ಕಟ್ಟಲು ಆಗಲೇ ಕೊಟ್ಟಿದ್ದೇನೆ" ಅಂತ ಅಪ್ಪನ ಮಾತಲ್ಲೇ ಇದ್ದರೆ ಓದುವವರಿಗೆ ನೋವೂ ಕಡಿಮೆ, ಅನುಮಾನವೂ ಕಡಿಮೆ.

ಮುಸ್ಲಿಂ ಕುಟುಂಬಗಳಿಗೆ ಲೆಕ್ಕ ಬೇರೆ. ವಿಲ್ ಮೂಲಕ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡಬೇಕಾದರೆ ವಾರಸುದಾರರು ಒಪ್ಪಬೇಕು.

ದಾನಪತ್ರ

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಸೋದರತ್ತೆಯ ವಿಷಯ ಇದರಲ್ಲಿದೆ.

ದಾನಪತ್ರದ ಅನುಕೂಲ ದೊಡ್ಡದೇ. ನೋಂದಣಿ ಆದ ದಿನವೇ ಆಸ್ತಿ ಮಗನ ಅಥವಾ ಮಗಳ ಹೆಸರಿಗೆ ಬರುತ್ತದೆ. ಮುಂದೆ ಸಾಬೀತು ಮಾಡುವ ತಲೆನೋವಿಲ್ಲ, ಕೊಟ್ಟವರು ಎದುರಿಗೇ ಇರುತ್ತಾರೆ. ಕರ್ನಾಟಕದಲ್ಲಿ ಹೆಂಡತಿ, ಮಕ್ಕಳಂಥ ಕುಟುಂಬದವರಿಗೆ ಕೊಟ್ಟರೆ ಮುದ್ರಾಂಕ ಶುಲ್ಕ ಆಸ್ತಿ ಬೆಲೆಯ ಮೇಲಲ್ಲ. ಅದೊಂದು ಸಣ್ಣ ನಿಗದಿತ ಮೊತ್ತ, ಪಂಚಾಯ್ತಿಯೋ ಪುರಸಭೆಯೋ ನಗರಪಾಲಿಕೆಯೋ ಅನ್ನುವುದರ ಮೇಲೆ ಬದಲಾಗುತ್ತದೆ. ಹೊರಗಿನವರಿಗಾದರೆ ಕ್ರಯಪತ್ರದ ಹಾಗೆ ಬೆಲೆಯ ಶೇ. 5ರ ಲೆಕ್ಕ, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಮಗ ಆ ಜಾಗದ ಮೇಲೆ ಸಾಲ ತೆಗೆದು ಮನೆ ಕಟ್ಟಬೇಕು, ಡೇರಿ ಹಾಕಬೇಕು ಅಂತಿದ್ದರೆ ವಿಲ್ ಪ್ರಯೋಜನಕ್ಕೆ ಬರುವುದಿಲ್ಲ. ದಾನಪತ್ರವೇ ಬೇಕು.

ಆದರೆ ಕೊಟ್ಟ ಮೇಲೆ ಕೊಟ್ಟ ಹಾಗೇ. ಮನಸ್ಸು ಬದಲಾಯಿತು ಅಂತ ರದ್ದು ಮಾಡಲು ಆಗುವುದಿಲ್ಲ.

ಸೋದರತ್ತೆ ಗಂಡ ಹೋದ ಮೇಲೆ ಇದ್ದ ಒಂದೇ ಮನೆಯನ್ನು ಮಗನಿಗೆ ಬರೆದರು. ಪತ್ರದಲ್ಲಿ "ಪ್ರೀತಿ ವಿಶ್ವಾಸದಿಂದ" ಅನ್ನುವ ಮಾಮೂಲಿ ಸಾಲು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಎರಡು ವರ್ಷದಲ್ಲಿ ಮನೆ ಅಡಮಾನಕ್ಕೆ ಹೋಯಿತು. ಅತ್ತೆ ಹಿಂದಿನ ಶೀಟ್ ಶೆಡ್ಡಿಗೆ ಹೋದರು. ನಾನು ನೋಡಲು ಹೋದಾಗ ಅವರ ಒಲೆ, ಹಾಸಿಗೆ, ದೇವರ ಪಟ ಎಲ್ಲಾ ಒಂದೇ ಗೋಡೆಗೆ ಒರಗಿದ್ದವು. "ನನ್ನ ಮನೇಲಿ ನಾನು ಬಾಗಿಲು ತಟ್ಟಬೇಕಾಯ್ತು ಕಣೆ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮನೆ ವಾಪಸ್ ಕೊಡಿಸಿ ಅಂತ ಅತ್ತೆ ಅರ್ಜಿ ಕೊಟ್ಟಾಗ ಮೊದಲು ಬಂದ ಪ್ರಶ್ನೆ, "ನೋಡಿಕೊಳ್ಳಬೇಕು ಅಂತ ಪತ್ರದಲ್ಲಿ ಎಲ್ಲಿದೆ?"

ಆ ಪ್ರಶ್ನೆ ಯಾಕೆ ಬರುತ್ತದೆ ಅಂತ ತಿಳಿದಿರಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ, ಅನೂರ್ಜಿತ ಮಾಡಿಸಬಹುದು. ಷರತ್ತು ಇತ್ತು ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪು ಈ ಕಾಯ್ದೆಯನ್ನು ಹಿರಿಯರ ಕಡೆಗೆ ಧಾರಾಳವಾಗಿ ಓದಬೇಕು, ಆಸ್ತಿಯ ಸ್ವಾಧೀನವನ್ನೂ ವಾಪಸ್ ಕೊಡಿಸಬಹುದು ಅಂದಿತು. ಆದರೂ ಷರತ್ತು ಪತ್ರದಲ್ಲೇ ಇದ್ದರೆ ವಾದವೇ ಬೇಡ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ನಮ್ಮ ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿ, ಹೀಗೆ ಮೂರು ಉಪವಿಭಾಗ. ಯಾರನ್ನು ಕೇಳಬೇಕು ಅಂತ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಹಾಗಾಗಿ ದಾನಪತ್ರ ಮಾಡುವುದೇ ಆದರೆ ಎರಡು ಸಾಲು ತಪ್ಪದೆ ಬರೆಸಿ. ಒಂದು, ಪಡೆದವರು ಕೊಟ್ಟವರಿಗೆ ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು, ತಪ್ಪಿದರೆ ದಾನ ರದ್ದು. ಎರಡು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಬದುಕಿರುವವರೆಗೂ ಆ ಮನೆಯಲ್ಲಿ ಇರುವ, ಬಾಡಿಗೆ ಮತ್ತು ಫಸಲು ಪಡೆಯುವ ಹಕ್ಕು ಅವರದೇ. ಹೀಗೆ ಅನುಭವಿಸುವ ಹಕ್ಕು ಉಳಿಸಿಕೊಂಡು ದಾನ ಮಾಡಬಹುದು ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಈ ಸಾಲುಗಳನ್ನು ಬರೆಸಿದರೆ ಮಗನಿಗೆ ಬೇಜಾರಾಗುತ್ತದೆ ಅಂತ ಅಮ್ಮಂದಿರು ಹಿಂಜರಿಯುತ್ತಾರೆ. ನೋಡಿಕೊಳ್ಳುವ ಮಗನಿಗೆ ಈ ಸಾಲಿನಿಂದ ಏನೂ ನಷ್ಟ ಇಲ್ಲ, ಅಲ್ವಾ?

ಪಾವಗಡದ ಕಡೆಯವರಿಗೆ ಒಂದು ಮಾತು. ತಿರುಮಣಿ ಸುತ್ತಮುತ್ತ ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಜಮೀನು ಕೊಟ್ಟ ರೈತರಿದ್ದಾರೆ. ಮಳೆ ಬರಲಿ ಬಿಡಲಿ ಬರುವ ದುಡ್ಡು ಅದು, ಪಿಂಚಣಿ ಇದ್ದ ಹಾಗೆ. ಆ ಜಮೀನನ್ನು ದಾನ ಮಾಡಿದರೆ ಗುತ್ತಿಗೆ ಹಣವೂ ಜೊತೆಗೇ ಹೋಗುತ್ತದೆ. ಅಂಥ ಕಡೆ ವಿಲ್ ಒಳ್ಳೆಯದು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅದರಲ್ಲಿ ದಾನವನ್ನೂ ಪರಭಾರೆ (ಆಸ್ತಿಯನ್ನು ಬೇರೆಯವರಿಗೆ ವರ್ಗಾಯಿಸುವುದು) ಅಂತಲೇ ಎಣಿಸುತ್ತಾರೆ, ಸರ್ಕಾರದ ಅನುಮತಿ ಬೇಕು. ಕುಟುಂಬದೊಳಗಿನ ಭಾಗ ಮತ್ತು ವಿಲ್ ಪರಭಾರೆ ಅಲ್ಲ. ಇದು ಗೊತ್ತಿಲ್ಲದೆ ದಾನಪತ್ರಕ್ಕೆ ಹೋಗಬೇಡಿ.

ಈಗಲೇ ಭಾಗ

ಪಿತ್ರಾರ್ಜಿತ ಜಮೀನಿಗೆ ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಎಲ್ಲ ಪಾಲುದಾರರೂ ಎದುರು ಕೂತು, ಸಹಿ ಹಾಕಿ, ನೋಂದಾಯಿಸಿದ ವಿಭಾಗ ಪತ್ರದ ಮೇಲೆ ಮುಂದೆ ಜಗಳ ಕಡಿಮೆ. ಕುಟುಂಬದೊಳಗಾದರೆ ಶುಲ್ಕ ಪಾಲಿಗೆ ಇಷ್ಟು ಅಂತ ನಿಗದಿ, ಬೆಲೆಯ ಮೇಲಲ್ಲ. ಊರ ಹಿರಿಯರ ಮುಂದೆ ಬರೆದ ಪಾಲುಪಟ್ಟಿ ಸಾಕು ಅನ್ನುವ ಕಾಲ ಹೋಯಿತು. 2004ರ ಡಿಸೆಂಬರ್ 20ರ ನಂತರದ ಭಾಗ ಅಂದರೆ ಕಾನೂನಿನ ಕಣ್ಣಲ್ಲಿ ನೋಂದಾಯಿಸಿದ ಪತ್ರ, ಇಲ್ಲವೇ ಕೋರ್ಟ್ ಡಿಕ್ರಿ.

ಕಷ್ಟ ಇರುವುದು ಕೆಲಸದಲ್ಲಿ. ಒಂದು ಸರ್ವೆ ನಂಬರನ್ನು ಒಡೆಯಬೇಕಾದರೆ 11ಇ ನಕ್ಷೆ (ಒಡೆಯುವ ತುಂಡುಗಳನ್ನು ತೋರಿಸುವ ಸರ್ವೆ ನಕ್ಷೆ) ಬೇಕು, ಸರ್ವೆಯರ್ ಬಂದು ಅಳೆಯಬೇಕು. ಊರೊಳಗಿನ ಮನೆಗೆ ಇ-ಸ್ವತ್ತು, ಪಟ್ಟಣದ ಮನೆಗೆ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಖಾತೆ ಬೇಕು. ದಾನಪತ್ರಕ್ಕೂ ಇವು ಬೇಕು, ವಿಲ್ ಬರೆಯಲು ಇವ್ಯಾವೂ ಅಡ್ಡ ಬರುವುದಿಲ್ಲ. ಜೊತೆಗೆ ಒಬ್ಬರು ಒಪ್ಪದಿದ್ದರೂ ಭಾಗ ನಿಂತುಹೋಗುತ್ತದೆ. ಬೋರ್‌ವೆಲ್ ಯಾರ ಪಾಲಿಗೆ, ದಾರಿ ಯಾವ ಕಡೆ, ನೀರು ಹಂಚಿಕೊಳ್ಳುವುದು ಹೇಗೆ ಅನ್ನುವುದನ್ನೂ ಪತ್ರದಲ್ಲೇ ಬರೆಸಿ. ತೋಟದಲ್ಲಿ ಜಗಳ ಎಕರೆಗಿಂತ ಜಾಸ್ತಿ ನೀರಿಗೇ ಆಗುವುದು.

ಇನ್ನೊಂದು. ಭಾಗ ಮಾಡುವಾಗ ಅಪ್ಪ ಅಮ್ಮನಿಗೂ ಒಂದು ಪಾಲು ಇಟ್ಟುಕೊಳ್ಳಿ. "ನಮಗೇನು ಬೇಕು, ಮಕ್ಕಳಿದ್ದಾರಲ್ಲ" ಅಂತ ಎಲ್ಲವನ್ನೂ ಹಂಚಿ ಬರಿಗೈಲಿ ಕೂರಬೇಡಿ. ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ಅವರು ಮನಸಾರೆ ಬಿಟ್ಟುಕೊಟ್ಟರೆ ಸರಿ. ಏನಕ್ಕೆ ಸಹಿ ಅಂತ ಓದಿ ಹೇಳದೆ ಹಾಕಿಸಿದರೆ ಅದೇ ಮುಂದೆ ಕೇಸಾಗುತ್ತದೆ, ತವರಿನ ಬಾಗಿಲೂ ಮುಚ್ಚುತ್ತದೆ.

ತಿಂಗಳ ಖರ್ಚಿನ ದುಡ್ಡು

ಐದನೇ ಪ್ರಶ್ನೆಗೆ ಬರೋಣ. ಹಿರಿಯ ನಾಗರಿಕರ ಉಳಿತಾಯ ಯೋಜನೆ 60 ದಾಟಿದವರಿಗೆ. ಪೋಸ್ಟಾಫೀಸಿನಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದು. 30 ಲಕ್ಷದವರೆಗೆ ಇಡಬಹುದು, ಐದು ವರ್ಷದ ಅವಧಿ. 2025ರಲ್ಲಿ ಬಡ್ಡಿ ಶೇ. 8.2 ಇತ್ತು. ತೆರೆದ ದಿನದ ದರವೇ ಐದು ವರ್ಷ ಇರುತ್ತದೆ. ಆ ಲೆಕ್ಕದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ. ಪೋಸ್ಟಾಫೀಸಿನ ತಿಂಗಳ ಆದಾಯ ಯೋಜನೆಯ ದರ ಅದೇ ವರ್ಷ ಶೇ. 7.4. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷ. 9 ಲಕ್ಷಕ್ಕೆ ತಿಂಗಳಿಗೆ 5,550 ಬರುತ್ತದೆ. ಬಡ್ಡಿ ಮೊದಲನೆಯದರಲ್ಲಿ ಜಾಸ್ತಿ, ತಿಂಗಳು ತಿಂಗಳು ಕೈಗೆ ಬರುವ ಅನುಕೂಲ ಎರಡನೆಯದರಲ್ಲಿ. ಅಮ್ಮನಂಥವರಿಗೆ ತಿಂಗಳಿನದೇ ಸುಲಭ, ಕಿರಾಣಿ ಲೆಕ್ಕಕ್ಕೆ ಹೊಂದುತ್ತದೆ. ಬ್ಯಾಂಕ್ ಠೇವಣಿಯಲ್ಲಿ ಬಡ್ಡಿ ಕಡಿಮೆ, ಆದರೆ ಆಸ್ಪತ್ರೆಗೆ ಅಂದಾಗ ಬೇಗ ಮುರಿಯಬಹುದು. ಹಾಗಾಗಿ ಎರಡು ಲಕ್ಷವಾದರೂ ಅಲ್ಲಿರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ವಿಮೆ ಇರುವುದು 5 ಲಕ್ಷದವರೆಗೆ ಮಾತ್ರ. ಜಾಸ್ತಿ ಬಡ್ಡಿ ಕೊಡುವ ಸಣ್ಣ ಸೊಸೈಟಿಗಳಿಗೆ ಈ ವಿಮೆ ಇರುವುದೇ ಇಲ್ಲ. ಮುದುಕರ ಜೀವಮಾನದ ದುಡ್ಡನ್ನು ಅಲ್ಲಿ ಇಡಬೇಡಿ.

ಪಟ್ಟಣದಲ್ಲಿ ಸ್ವಂತ ಮನೆ ಇದೆ, ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ ರಿವರ್ಸ್ ಮಾರ್ಟ್‌ಗೇಜ್ ಅಂತ ಒಂದಿದೆ. ಮನೆಯನ್ನು ಅಡವಿಟ್ಟು, ಅದರಲ್ಲೇ ಇದ್ದುಕೊಂಡು ಬ್ಯಾಂಕಿನಿಂದ ಹಣ ಪಡೆಯಬಹುದು. ಕೃಷಿ ಜಮೀನಿಗೆ ಇದು ಇಲ್ಲ. ಮಕ್ಕಳು ದೂರ ಇದ್ದು, ಮನೆ ಯಾರಿಗೂ ಬೇಡವಾಗಿದ್ದರೆ ಮಾತ್ರ ಯೋಚಿಸಿ.

ನಾಮಿನಿ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಈಸಿಕೊಳ್ಳುವವರು, ಒಡೆಯರಲ್ಲ. ದುಡ್ಡು ಸೇರಬೇಕಾದದ್ದು ವಿಲ್ ಇದ್ದರೆ ಅದರಂತೆ, ಇಲ್ಲದಿದ್ದರೆ ವಾರಸುದಾರರಿಗೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ವಿಲ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಅಂತ ಆಗದ ಹಾಗೆ ನೋಡಿಕೊಳ್ಳಿ.

ಯಾರಿಗೆ ಯಾವುದು?

ಪಿಂಚಣಿ ಇರುವ ನಿವೃತ್ತ ನೌಕರರಿಗೆ ಧೈರ್ಯ ಜಾಸ್ತಿ. ತಿಂಗಳ ಖರ್ಚು ಸರ್ಕಾರದಿಂದ ಬರುವುದರಿಂದ, ಮಗಳಿಗೆ ಸೈಟು ಬರೆದುಕೊಟ್ಟರೂ ಬದುಕು ಅಲ್ಲಾಡುವುದಿಲ್ಲ. ಎರಡು ಎಕರೆ ತೆಂಗೇ ಜೀವನವಾಗಿರುವ ರೈತ ದಂಪತಿ ದಾನಪತ್ರಕ್ಕೆ ಕೈ ಹಾಕಬಾರದು, ವಿಲ್ ಸಾಕು. ಒಬ್ಬರೇ ಉಳಿದ ತಾಯಿ ಇದ್ದ ಒಂದೇ ಮನೆಯನ್ನು ದಾನ ಮಾಡುವುದು ನನ್ನ ಮಟ್ಟಿಗೆ ಬೇಡವೇ ಬೇಡ. ತೀರಾ ಅನಿವಾರ್ಯವಾದರೆ ಆ ಎರಡು ಸಾಲು ಇಲ್ಲದೆ ಸಹಿ ಹಾಕಬೇಡಿ. ಮಕ್ಕಳ ನಡುವೆ ಈಗಾಗಲೇ ಮಾತು ನಿಂತಿದ್ದರೆ, ಅಪ್ಪನ ಮಾತಿಗೆ ಇನ್ನೂ ಬೆಲೆ ಇರುವಾಗಲೇ ಭಾಗ ಮಾಡಿ. ಅಪ್ಪ ಇಲ್ಲದ ಮನೆಯಲ್ಲಿ ಅವರನ್ನು ಒಟ್ಟಿಗೆ ಕೂರಿಸುವವರು ಯಾರೂ ಇರುವುದಿಲ್ಲ.

ನಮ್ಮ ಮನೆಯಲ್ಲಿ ಕೊನೆಗೆ ಒಂದೇ ದಾರಿ ಹಿಡಿಯಲಿಲ್ಲ. 1978ರಲ್ಲಿ ಅಪ್ಪ ಕೊಂಡ ಮೂರು ಎಕರೆಗೆ ಮತ್ತು ತುಮಕೂರಿನ ಮನೆಗೆ ವಿಲ್. ಅದರಲ್ಲಿ ಮೊದಲು ಅಮ್ಮನಿಗೆ ಜೀವ ಇರುವವರೆಗೆ ಬಾಡಿಗೆ, ಫಸಲು, ಅವರ ನಂತರ ನಮಗೆ. ತಮ್ಮ ಡೇರಿಗೆ ಕೇಳಿದ ಹತ್ತು ಗುಂಟೆ ಮಾತ್ರ ದಾನಪತ್ರ, ಷರತ್ತಿನ ಸಮೇತ. ತಮ್ಮನೇ ಆ ಸಾಲನ್ನು ಗಟ್ಟಿಯಾಗಿ ಓದಿ "ಇರಲಿ ಬಿಡಪ್ಪ" ಅಂದ. ತಾತನ ಎರಡು ಎಕರೆಗೆ ಪೌತಿ ಮಾಡಿಸಿ ಭಾಗ. ಅಮ್ಮನ ಹೆಸರಿಗೆ ತಿಂಗಳ ಆದಾಯ ಯೋಜನೆ.

ವಿಲ್ ನೋಂದಣಿಯ ದಿನ ಕ್ಯಾಮೆರಾ ಮುಂದೆ ಕೂರುವಾಗ ಅಪ್ಪ ಟವೆಲ್ ಸರಿಮಾಡಿಕೊಂಡರು. ಹೆಬ್ಬೆಟ್ಟು ಎರಡು ಸಲ ಮೂಡಲಿಲ್ಲ. ತೆಂಗಿನಕಾಯಿ ಸುಲಿದು ಸುಲಿದು ಬೆರಳಿನ ಗೆರೆ ಸವೆದಿದೆ. ಮೂರನೇ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿದಾಗ ಬಂತು. ಪತ್ರದ ಒಂದು ಪ್ರತಿ ನನ್ನ ಹತ್ತಿರ ಇದೆ, ಇನ್ನೊಂದು ತಮ್ಮನ ಹತ್ತಿರ. ಮೂಲ ಮತ್ತೆ ಅದೇ ಟ್ರಂಕಿನಲ್ಲಿ, ಹೊಸ ಬೇವಿನ ಎಲೆಯ ಜೊತೆ. ತಾತನ ಜಮೀನಿನ 11ಇ ನಕ್ಷೆಗೆ ಅರ್ಜಿ ಹಾಕಿದ್ದೇವೆ, ಸರ್ವೆಯರ್ ಬರುವ ದಿನ ಕಾಯುತ್ತಿದ್ದೇವೆ. ಹನ್ನೊಂದು ಜನರಲ್ಲಿ ಒಂಬತ್ತು ಜನ ಒಪ್ಪಿದ್ದಾರೆ.